ಹಿಂದೆ ಮೆಚ್ಚಿದ ಕಾದಂಬರಿ ಮತ್ತೆ ಓದಿದಾಗ ಬೇರೆಯೇ ಅನಿಸುವುದು ಯಾಕೆ?

ಮೊದಲ ಓದಿನಲ್ಲಿ ಗಮನವೆಲ್ಲ ‘ಮುಂದೇನಾಯಿತು’ ಎಂಬುದರ ಹಿಂದೆ ಓಡುತ್ತದೆ. ಎರಡನೆಯ ಸಲ ಕಥೆ ಗೊತ್ತಿರುವುದರಿಂದ ಅದೇ ಗಮನ ಸಣ್ಣಪುಟ್ಟ ಮಾತು, ಬದಿಗೆ ನಿಂತ ಪಾತ್ರಗಳ ಕಡೆ ಹೊರಳುತ್ತದೆ. ಜೊತೆಗೆ, ಇಷ್ಟು ವರ್ಷ ನಮ್ಮ ನೆನಪಿನಲ್ಲಿ ಉಳಿದಿದ್ದು ಪುಸ್ತಕವಲ್ಲ, ಅದರ ಸಾರಾಂಶ. ಅದೂ ಆಗಿನ ನಮ್ಮ ಬುದ್ಧಿಗೆ ಒಗ್ಗಿದಷ್ಟು ಮಾತ್ರ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಇದನ್ನು ತೋರಿಸಿದ್ದರು. ಪರಕೀಯ ಜನಪದ ಕಥೆಯೊಂದನ್ನು ಓದಿದವರು ಆಮೇಲೆ ನೆನಪಿನಿಂದ ಹೇಳುವಾಗ ವಿಚಿತ್ರವೆನಿಸಿದ್ದನ್ನು ಬಿಟ್ಟು, ತಮಗೆ ರೂಢಿಯಿದ್ದ ಹಾಗೆ ಅದನ್ನು ತಿದ್ದಿಬಿಡುತ್ತಿದ್ದರು.

ಉಡುಪಿಯ ಕಡೆ ಓದುವವರು ಸೇರಿದಲ್ಲಿ ‘ಮರಳಿ ಮಣ್ಣಿಗೆ’ಯ ಮಾತು ಬಾರದೆ ಇರುವುದು ಅಪರೂಪ. ಕಡಲು–ಹೊಳೆಯ ನಡುವಿನ ಕೋಡಿ ಎಂಬ ಊರಿನಲ್ಲಿ ಒಂದು ಮನೆಯ ಮೂರು ತಲೆಮಾರಿನ ಬಾಳನ್ನು ಹೇಳುವ ಶಿವರಾಮ ಕಾರಂತರ ಕಾದಂಬರಿ ಅದು. ಕಾಲೇಜಿನ ವಯಸ್ಸಿನಲ್ಲಿ ಓದುವವರಿಗೆ ಆ ಮನೆಯ ಮಗ ಲಚ್ಚ ಹಾದಿ ತಪ್ಪುವುದೇ ದೊಡ್ಡ ಸಂಗತಿ. ಮನೆ ನಡೆಸಿ ಗೊತ್ತಾದ ಮೇಲೆ ಓದಿದರೆ ಮನೆಯ ಹೆಂಗಸರಾದ ಪಾರ್ವತಿ, ಸರಸೋತಿಯರ ದುಡಿತ ಪುಟಪುಟದಲ್ಲೂ ಕಾಣುತ್ತದೆ. ಆಗಲೂ ಅದು ಅಲ್ಲೇ ಇತ್ತು, ನಾವು ಹಾರಿಸಿಕೊಂಡು ಹೋಗಿದ್ದೆವು ಅಷ್ಟೆ.

ಎಲ್ಲ ಪುಸ್ತಕವೂ ಹೀಗೆ ಬೆಳೆಯುವುದಿಲ್ಲ ಅನ್ನಿ. ತಿರುವುಗಳನ್ನೇ ನಂಬಿಕೊಂಡ ಪತ್ತೇದಾರಿ ಕಾದಂಬರಿ ಗುಟ್ಟು ಗೊತ್ತಾದ ಮೇಲೆ ಸಪ್ಪೆಯಾದರೆ ಆಶ್ಚರ್ಯವಿಲ್ಲ. ನಿಮ್ಮ ವಿಷಯದಲ್ಲಿ ಏನಾಗಿದೆ ಎಂದು ನೋಡಬೇಕೆಂದರೆ, ಮತ್ತೆ ಓದುವ ಮೊದಲು ನೆನಪಿರುವ ಕಥೆಯನ್ನು ನಾಲ್ಕು ಸಾಲು ಬರೆದಿಡಿ. ಮುಗಿಸಿದ ಮೇಲೆ ತಾಳೆ ನೋಡಿ.