ಹಿಟ್ಲರ್‌ಗೆ ಬೇಕಿದ್ದದ್ದು ವರ್ಸೇಲ್ಸ್ ಅನ್ಯಾಯ ಸರಿಮಾಡುವುದಷ್ಟೇನಾ?

ನಿಮ್ಮ ಪ್ರಶ್ನೆ: ಹಿಟ್ಲರ್ ಬಯಸಿದ್ದು ವರ್ಸೇಲ್ಸ್ ಒಪ್ಪಂದದಲ್ಲಿ ಆದ ಅನ್ಯಾಯ ಸರಿಮಾಡುವುದಷ್ಟೇನಾ? ಕೇಳಿದ್ದನ್ನು ಕೊಟ್ಟುಬಿಟ್ಟಿದ್ದರೆ ಯುದ್ಧ ತಪ್ಪುತ್ತಿತ್ತಾ?

ಖಂಡಿತ ಇಲ್ಲ. ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಈ ಪ್ರಶ್ನೆ ಬಂದಾಗೆಲ್ಲ ಮೊದಲು ಯುರೋಪಿನ ನಕ್ಷೆ ತೂಗುಹಾಕುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಗೆದ್ದವರು ಹೇರಿದ 1919ರ ಆ ಒಪ್ಪಂದ ಅದರ ಸೈನ್ಯವನ್ನು 1 ಲಕ್ಷಕ್ಕೆ ಇಳಿಸಿತ್ತು. ಜನಕ್ಕೆ ಸಿಟ್ಟಿದ್ದದ್ದು ನಿಜ. ಹಿಟ್ಲರ್ ಆ ಸಿಟ್ಟನ್ನೇ ಮುಂದಿಟ್ಟುಕೊಂಡ. ಜರ್ಮನಿಯ ಪಶ್ಚಿಮ ಗಡಿಯ ರೈನ್‌ಲ್ಯಾಂಡಿನಲ್ಲಿ ಸೈನ್ಯ ಇಡಬಾರದು ಅಂತ ಒಪ್ಪಂದದಲ್ಲಿತ್ತು, 1936ರಲ್ಲಿ ಅಲ್ಲಿಗೇ ಸೈನ್ಯ ಕಳಿಸಿದ. 1938ರ ಮಾರ್ಚಿನಲ್ಲಿ ಆಸ್ಟ್ರಿಯಾ ನುಂಗಿದ.

ನಕ್ಷೆಯಲ್ಲಿ ಜರ್ಮನಿಯ ಜೊತೆಗೆ ಆಸ್ಟ್ರಿಯಾದ ಮೇಲೂ ಬೆರಳಾಡಿಸಿದರೆ, ಜೆಕೊಸ್ಲೊವಾಕಿಯಾದ ಪಶ್ಚಿಮ ಭಾಗ ಮೂರು ಕಡೆಯಿಂದ ಸಿಕ್ಕಿಹಾಕಿಕೊಂಡಿರುವುದು ಕೊನೆಯ ಬೆಂಚಿನವರಿಗೂ ಕಾಣುತ್ತದೆ. ಅದರ ಗಡಿಯ ಬೆಟ್ಟಸಾಲೇ ಸುಡೆಟೆನ್‌ಲ್ಯಾಂಡ್. ಅಲ್ಲಿ ಸುಮಾರು 30 ಲಕ್ಷ ಜರ್ಮನ್ ಭಾಷಿಕರಿದ್ದರು. ಜೆಕ್ಕರು ಕಟ್ಟಿಕೊಂಡಿದ್ದ ಕೋಟೆಗಳೂ ಅಲ್ಲೇ ಇದ್ದವು. 1938ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್ ಸೇರಿ ಅದನ್ನು ಬಿಟ್ಟುಕೊಟ್ಟವು. ನೆಲ ಕಳೆದುಕೊಳ್ಳುವ ಜೆಕ್ಕರನ್ನು ಮಾತುಕತೆಗೆ ಕೂರಿಸಲೂ ಇಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಸಕಲೇಶಪುರ ಕಡೆಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: "ಸರ್, ಬೇಲಿನೇ ಬಿಟ್ಟುಕೊಟ್ಟ ಮೇಲೆ ತೋಟ ಎಲ್ಲಿ ಉಳಿಯತ್ತೆ?" ಒತ್ತುವರಿ ಜಗಳ ನೋಡಿ ಬೆಳೆದವಳು, ತಕ್ಷಣ ಹೊಳೆಯಿತು.

ಉಳಿಯಲಿಲ್ಲ. 1939ರ ಮಾರ್ಚ್ 15ಕ್ಕೆ ಜರ್ಮನ್ ಸೈನ್ಯ ಜೆಕ್ಕರ ರಾಜಧಾನಿ ಪ್ರಾಗ್ ಹೊಕ್ಕಿತು. ಅಲ್ಲಿದ್ದವರು ಬಹುಪಾಲು ಜೆಕ್ಕರು. ವರ್ಸೇಲ್ಸ್‌ನಲ್ಲಿ ಜರ್ಮನಿಯಿಂದ ಕಿತ್ತುಕೊಂಡ ನೆಲವೂ ಅದಲ್ಲ. ಇನ್ನು ಯಾವ ನೆಪ ಉಳಿಯಿತು ಹೇಳಿ?

ಅವನ ಕಣ್ಣಿದ್ದದ್ದು ಪೂರ್ವದ ಮೇಲೆ. ಜರ್ಮನ್ನರ ಬದುಕಿಗೆ ಜಾಗ ಬೇಕು ಅನ್ನುತ್ತಿದ್ದ. 'ಲೇಬೆನ್ಸ್‌ರೌಮ್' ಅಂದರೆ ಅದೇ. ಪೋಲೆಂಡ್, ಉಕ್ರೇನಿನ ಕಪ್ಪು ಮಣ್ಣು, ಅಲ್ಲಿಯ ಗೋಧಿ. ಅಲ್ಲಿದ್ದವರನ್ನು ಓಡಿಸಿ, ಉಪವಾಸ ಕೆಡವಿ, ಕೊಂದು ತನ್ನವರನ್ನು ಕೂರಿಸಬೇಕಿತ್ತು. ಜಾಗಕ್ಕಾಗಿ ಬಲಪ್ರಯೋಗವೇ ದಾರಿ ಅಂತ 1937ರ ನವೆಂಬರ್ 5ರಂದೇ ಸೇನಾ ಮುಖ್ಯಸ್ಥರಿಗೆ ಹೇಳಿದ್ದ. ಹೊಸ್‌ಬಾಖ್ ಎಂಬ ಅಧಿಕಾರಿ ಬರೆದಿಟ್ಟ ಟಿಪ್ಪಣಿ ಉಳಿದುಕೊಂಡಿದೆ. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಜೊತೆ ಒಪ್ಪಂದ ಮಾಡಿಕೊಂಡವನೇ 1941ರ ಜೂನ್ 22ಕ್ಕೆ ಸೋವಿಯತ್ ಒಕ್ಕೂಟದ ಮೇಲೆ ಬಿದ್ದ.

ಇನ್ನಷ್ಟು ಕೊಟ್ಟಿದ್ದರೆ ಅವನ ಬಲ ಜಾಸ್ತಿಯಾಗುತ್ತಿತ್ತು, ಅಷ್ಟೇ. ಜೆಕ್ ಕಾರ್ಖಾನೆಗಳಲ್ಲಿ ತಯಾರಾದ ಟ್ಯಾಂಕುಗಳು 1940ರಲ್ಲಿ ಜರ್ಮನ್ ಸೈನ್ಯದ ಜೊತೆ ಫ್ರಾನ್ಸಿಗೆ ನುಗ್ಗಿದವು.