ಓದುಗರ ಪ್ರಶ್ನೆ: ಕೂಲಿಯ ಜೊತೆ ಹೊಗೆಸೊಪ್ಪು ಕೊಡಬೇಕಾ?

ಅಡಿಕೆ ಸುಗ್ಗಿ ಶುರುವಾಗಿದೆ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಕವಳ (ಅಗಿಯುವ ಎಲೆಅಡಿಕೆ) ಮತ್ತು ಹೊಗೆಸೊಪ್ಪಿನ ಮಾತೇ. ಹಲ್ಲಿನ ಹುಳುಕು, ವಸಡಿನ ರಕ್ತ ಎಂದು ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ.

ಮೊದಲ ಪತ್ರ: ನಾನು ಹೊಸನಗರ ತಾಲೂಕಿನ ಆಶಾ ಕಾರ್ಯಕರ್ತೆ. ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರು ಹೆಚ್ಚುಕಮ್ಮಿ ಎಲ್ಲರೂ ಕವಳಕ್ಕೆ ಹೊಗೆಸೊಪ್ಪು ಹಾಕುತ್ತಾರೆ. ಬಾಯಿ ತಪಾಸಣೆಗೆ ಕರೆದರೆ ಯಾರೂ ಬರುವುದಿಲ್ಲ. ಪ್ಯಾಕೆಟ್ ಮೇಲಿನ ಕ್ಯಾನ್ಸರ್ ಚಿತ್ರ ತೋರಿಸಿದೆ. "ಅದಿಲ್ಲದಿದ್ರೆ ಕೈ ಓಡಲ್ಲ ಅಕ್ಕ" ಅಂದು ನಕ್ಕುಬಿಟ್ಟರು. ಏನು ಮಾಡಲಿ ಮೇಡಂ?

ಅವರು ಹೇಳಿದ್ದು ನಿಜ ತಂಗಿ. ಅಲ್ಲಿಂದಲೇ ಶುರು ಮಾಡಿ.

ಸುಲಿದ ಅಡಿಕೆಯ ಅಳತೆ ನೋಡಿ ಕೂಲಿ ಕೊಡುತ್ತಾರೆ. ಹಾಗಾಗಿ ರಾತ್ರಿ ಹತ್ತು, ಹನ್ನೊಂದಾದರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದಿಂದ ಏಳುವುದಿಲ್ಲ. ಹೊರಗೆ ಚಳಿ, ಹೊಟ್ಟೆಯಲ್ಲಿ ಹಸಿವು, ಕಣ್ಣಲ್ಲಿ ನಿದ್ದೆ. ಹೊಗೆಸೊಪ್ಪಿನ ನಿಕೋಟಿನ್ ಈ ಹಸಿವು, ನಿದ್ದೆ ಎರಡನ್ನೂ ಸ್ವಲ್ಪ ಹೊತ್ತು ಅದುಮಿಡುತ್ತದೆ. ಚಟ ಎಂದು ನಾವು ಕರೆಯುವುದನ್ನು ಅವರು ದುಡಿಯಲು ಬೇಕಾದ ಸಾಮಾನು ಎಂದು ಬಳಸುತ್ತಿದ್ದಾರೆ. ಹೆದರಿಸಿದರೆ ಹಸಿವು ಹೋಗುತ್ತದಾ? ಇಲ್ಲ, ಅಲ್ವಾ.

ಶಿಬಿರಕ್ಕೆ ಬರುವುದಿಲ್ಲ ಎನ್ನುತ್ತೀರಿ. ಶಿಬಿರ ಇಡುವುದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ. ಬಂದರೆ ಆ ದಿನದ ಕೂಲಿ ಹೋಯಿತು. ಬಯಲುಸೀಮೆಯಿಂದ ಸುಗ್ಗಿಗೆ ಬಂದವರ ಪಾಡು ಇನ್ನೂ ಕಷ್ಟ. ನಿಮ್ಮ ಮನೆಮನೆ ಪಟ್ಟಿಯಲ್ಲಿ ಅವರಿಲ್ಲ. ಅವರ ಊರಿನ ಆಶಾ ಮನೆಗೆ ಹೋದಾಗ ಬಾಗಿಲಿಗೆ ಬೀಗ. ಮೂವತ್ತು ದಾಟಿದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕು ಎಂಬ ಸರ್ಕಾರದ ಕಾರ್ಯಕ್ರಮ ಒಳ್ಳೆಯದೇ. ಆದರೆ ಯಾರಿಗೆ ಅದು ಎಲ್ಲರಿಗಿಂತ ಮೊದಲು ಬೇಕೋ ಅವರೇ ಎರಡೂ ಊರಿನ ಲೆಕ್ಕದಿಂದ ಜಾರಿಹೋಗುತ್ತಾರೆ. ನನಗೆ ಬೇಸರ ಆಗುವುದು ಇಲ್ಲಿಯೇ.

ಹಾಗಾಗಿ ನೀವೇ ಸುಲಿಯುವ ಮನೆಗೆ ಹೋಗಿ, ಸಂಜೆ ಏಳರ ನಂತರ. ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಕರೆದುಕೊಂಡು ಹೋಗಿ, ಬಾಯಿ ನೋಡುವ ತರಬೇತಿ ಅವರಿಗಿದೆ. ಒಂದು ಟಾರ್ಚ್, ಕೈಗವಸು, ಬಾಯಿ ಮುಕ್ಕಳಿಸಲು ನೀರು ಇದ್ದರೆ ಸಾಕು. ನಾನು ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಹೀಗೆ ನೋಡಿದ್ದೇನೆ. ಚಪ್ಪರದ ಕೆಳಗೆ ಒಂದೇ ಬಲ್ಬು. ಸಿಪ್ಪೆಯ ರಾಶಿ ನಡುವೆ ಕೂತಿದ್ದ ಅಮ್ಮ ಕೈ ನಿಲ್ಲಿಸದೆಯೇ ನನ್ನ ಜೊತೆ ಮಾತಾಡುತ್ತಿದ್ದರು. ಎಡ ಕೆನ್ನೆ ಉಬ್ಬಿತ್ತು. ಕವಳ ಉಗಿಸಿ, ಬಾಯಿ ತೊಳೆಸಿ, ಕೆನ್ನೆಯನ್ನು ಬೆರಳಲ್ಲಿ ಸರಿಸಿ ಟಾರ್ಚ್ ಬಿಟ್ಟೆ. ಕವಳ ಕೂರುವ ಜಾಗದಲ್ಲಿ, ಅಷ್ಟೇ ಅಗಲಕ್ಕೆ, ಚರ್ಮ ನೀರಲ್ಲಿ ನೆನೆದ ಕಾಗದದ ಹಾಗೆ ಬೆಳ್ಳಗೆ ಸುಕ್ಕಾಗಿತ್ತು. ನೋವಿಲ್ಲ, ಹಾಗಾಗಿ ಅವರಿಗೆ ಗೊತ್ತೇ ಇರಲಿಲ್ಲ. ಕೈಗನ್ನಡಿ ಹಿಡಿದು ಅವರಿಗೇ ತೋರಿಸಿದೆ. ಆಮೇಲೆ ಪಕ್ಕದಲ್ಲಿದ್ದವರು ತಾವಾಗಿಯೇ ಎದ್ದು ಬಂದು ಬಾಯಿ ತೆರೆದರು. ಪ್ಯಾಕೆಟ್ ಮೇಲಿನ ಚಿತ್ರ ಬೇರೆಯವರ ಬಾಯಿಯದ್ದು. ಕನ್ನಡಿಯಲ್ಲಿ ಕಂಡದ್ದು ಅವರದೇ.

ನೋಡುವಾಗ ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ಅಂಗುಳ, ನಾಲಿಗೆಯ ಪಕ್ಕ, ನಾಲಿಗೆಯ ಅಡಿ, ಒಂದನ್ನೂ ಬಿಡಬೇಡಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕಳಿಸಿ. ಕೆಂಪು ಮಚ್ಚೆ ಕಂಡರೆ ತಡ ಮಾಡಲೇಬೇಡಿ, ಅದು ಬಿಳಿಯದಕ್ಕಿಂತ ಅಪಾಯದ್ದು. ಸುಲಿಯುವವರಲ್ಲಿ ಬಸುರಿಯರಿದ್ದರೆ ಅವರ ಹತ್ತಿರ ಬೇರೆಯಾಗಿ ಕೂತು ಮಾತಾಡಿ. ಅಗಿಯುವ ಹೊಗೆಸೊಪ್ಪಿನಿಂದಲೂ ಮಗು ತೂಕ ಕಡಿಮೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಬೀಡಿ, ಸಿಗರೇಟ್ ಮಾತ್ರ ಕೆಟ್ಟದ್ದು ಎಂದುಕೊಂಡವರು ಬಹಳ ಜನ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕ ಹೆಂಗಸರಲ್ಲಿ ಶೇ. 12.8ರಷ್ಟು ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು. ಸೇದುವ ಹೆಂಗಸರು ಅದರ ಹತ್ತಿರಕ್ಕೂ ಇಲ್ಲ.

ಬಿಡಿ ಎನ್ನುವ ಬದಲು ಮೊದಲು ಎರಡು ಸಣ್ಣ ಮಾತು ಕೇಳಿಸಿಕೊಳ್ಳುತ್ತಾರಾ ನೋಡಿ. ಕವಳ ಬಾಯಲ್ಲಿಟ್ಟುಕೊಂಡು ಮಲಗುವುದು ಬೇಡ. ಬೆಳಿಗ್ಗೆ ಎದ್ದ ಕೂಡಲೇ ಹಾಕುವುದು ಬೇಡ, ತಿಂಡಿ ತಿಂದ ಮೇಲಕ್ಕೆ ತಳ್ಳಿ. ಇದರಿಂದ ಅಪಾಯ ತಪ್ಪಿತು ಅಂತಲ್ಲ. ಪೂರ್ತಿ ಬಿಡುವ ದಿನಕ್ಕೆ ಬಾಯಿ ಹದವಾಗುತ್ತದೆ, ಅಷ್ಟೇ. ಬಿಟ್ಟ ಮೊದಲ ಮೂರು ದಿನ ತುಂಬ ಕಷ್ಟ: ತಲೆನೋವು, ಸಿಟ್ಟು, ಕೈ ನಡುಕ. ಮೂರ್ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕು ಅನ್ನಿಸುವ ಒಂದೊಂದು ಅಲೆಯೂ ಕೆಲವೇ ನಿಮಿಷದ್ದು. ಆ ಹೊತ್ತಿಗೆ ಲವಂಗವೋ ಒಣ ನೆಲ್ಲಿಕಾಯಿಯೋ ಸಂಚಿಯಲ್ಲಿರಲಿ. 1800-11-2356 ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಆಮೇಲೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಎಷ್ಟೋ ಹೆಂಗಸರ ಹತ್ತಿರ ಸ್ವಂತ ಫೋನ್ ಇರುವುದಿಲ್ಲ. ನಿಮ್ಮ ಫೋನಿಂದಲೇ ಮೊದಲ ಕರೆ ಮಾಡಿಸಿ.

ಉಳಿದದ್ದು ತೋಟದವರ ಕೈಯಲ್ಲಿದೆ. ಅವರ ಪತ್ರವೂ ಬಂದಿದೆ.

ನಮ್ಮದು ಸಾಗರದ ಹತ್ತಿರ ಎರಡು ಎಕರೆ ತೋಟ. ಅಡಿಕೆ ಗೊನೆ ಕೊಯ್ಯುವವರಿಗೆ, ಸುಲಿಯುವವರಿಗೆ ಕೂಲಿ ಜೊತೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೊಡುವುದು ಅಜ್ಜನ ಕಾಲದ ಪದ್ಧತಿ. ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಕೊಡಬೇಡಿ ಅಂತ ಜಗಳ. ನಿಲ್ಲಿಸಿದರೆ ಆಳುಗಳು ಪಕ್ಕದ ತೋಟಕ್ಕೆ ಹೋಗುತ್ತಾರೆ. ಇನ್ನೊಂದು: ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಅನ್ನುತ್ತಾರಲ್ಲ, ಅದು ನಮ್ಮ ಬೆಳೆ ಹಾಳು ಮಾಡುವ ಹುನ್ನಾರ ಅಲ್ಲವೇ?

ನಿಮ್ಮ ಮಗಳ ಮಾತು ಸರಿ. ಅವಳ ಪರವಾಗಿ ನಾನೂ ಜಗಳಕ್ಕೆ ನಿಲ್ಲುತ್ತೇನೆ.

ಹೊಗೆಸೊಪ್ಪು ಕೊಡುವವರು ಯಾರೂ ಕೆಟ್ಟ ಮನಸ್ಸಿನಿಂದ ಕೊಡುವುದಿಲ್ಲ, ಅದು ಮರ್ಯಾದೆ ಎಂದೇ ಕೊಡುತ್ತಾರೆ. ಆದರೆ ನಿಮ್ಮ ಮಗಳು ಹೊಗೆಸೊಪ್ಪು ಹಾಕಿದರೆ ನೀವು ಸುಮ್ನೆ ಇರುತ್ತೀರಾ? ಅಂಗಳದಲ್ಲಿ ಕೂತು ನಿಮ್ಮ ಅಡಿಕೆ ಸುಲಿಯುವ, ಅವಳದೇ ವಯಸ್ಸಿನ ಹುಡುಗಿಗೆ ಅದನ್ನೇ ತಟ್ಟೆಯಲ್ಲಿಟ್ಟು ಕೊಡುತ್ತೇವೆ. ನಮ್ಮ ಮನೆಯೊಳಗೆ ಬೇಡವಾದದ್ದು ಅವರಿಗೆ ಯಾಕೆ ಮರ್ಯಾದೆ ಆಗಬೇಕು? ಎಷ್ಟೋ ಹುಡುಗಿಯರಿಗೆ ಮೊದಲ ಹೊಗೆಸೊಪ್ಪು ಅಂಗಡಿಯಿಂದ ಬರುವುದಿಲ್ಲ, ಕೆಲಸದ ಮನೆಯಿಂದಲೇ ಬರುತ್ತದೆ.

ಆಳು ಬಿಟ್ಟು ಹೋಗುವ ಭಯ ಸುಳ್ಳಲ್ಲ. ಎರಡು ಎಕರೆಯವರಿಗೆ ಆ ಭಯ ಎಷ್ಟು ಎಂದು ನನಗೆ ಗೊತ್ತು, ನನ್ನ ತವರೂ ಅಡಿಕೆ ಮನೆಯೇ. ಅದಕ್ಕೇ ಒಬ್ಬರೇ ನಿಲ್ಲಿಸಬೇಡಿ. ಸುಗ್ಗಿಗೆ ಮೊದಲು ಕೇರಿಯ ನಾಲ್ಕು ಮನೆಯವರು ಕೂತು ಒಟ್ಟಿಗೆ ತೀರ್ಮಾನಿಸಿ. ಈ ವರ್ಷ ತಡವಾಗಿದ್ದರೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲೋ ಗ್ರಾಮಸಭೆಯಲ್ಲೋ ಎತ್ತಿ. ಹೊಗೆಸೊಪ್ಪಿಗೆ ಖರ್ಚಾಗುವ ದುಡ್ಡನ್ನು ಕೂಲಿಗೆ ಸೇರಿಸಿ, ಕೈಯಲ್ಲಿ ಎಣಿಸಿ ಕೊಡಿ. ರಾತ್ರಿ ಎಂಟಕ್ಕೆ ಬಿಸಿ ಕಾಫಿ, ಜೊತೆಗೆ ಅವಲಕ್ಕಿಯೋ ಉಪ್ಪಿಟ್ಟೋ ಕೊಡಿ. ಹೊಟ್ಟೆ ತುಂಬಿದವರು ಕಡಿಮೆ ಅಗಿಯುತ್ತಾರೆ. ಯಾರೋ ತಮ್ಮ ಸಂಚಿಯಿಂದ ಹಾಕಿಕೊಂಡರೆ ಗದರಬೇಡಿ. ನೀವು ಕೊಡುವುದನ್ನು ನಿಲ್ಲಿಸಿ, ಅವರು ಬಿಡುವುದಕ್ಕೆ ಸಮಯ ಕೊಡಿ.

ಇನ್ನು ಅಡಿಕೆ ವಿಚಾರ. ಇದನ್ನು ಬರೆಯುವಾಗ ನನಗೂ ಸಂಕಟ ಆಗುತ್ತದೆ. ಆದರೂ ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಕವಳವನ್ನೂ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಇದು ಹುನ್ನಾರವಲ್ಲ, ಬಾಯಿ ನೋಡುವ ಕೆಲಸದಲ್ಲಿರುವ ನಾವು ಕಣ್ಣಾರೆ ಕಾಣುವುದೂ ಇದೇ. ಮದುವೆ, ವ್ರತದಲ್ಲಿ ಎಲೆಅಡಿಕೆ ಕೈಗೆ ಕೊಡುವುದು ಬೇರೆ, ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ತೋಟ ಕಡಿಯಿರಿ ಎಂದು ನಾನು ಹೇಳುವುದಿಲ್ಲ. ಬೆಲೆಯ ಚಿಂತೆಯಲ್ಲಿ ಬಾಯಿಯ ಸತ್ಯ ಅಡಗಿಸಬೇಡಿ ಎಂದು ಕೇಳುತ್ತೇನೆ, ಅಷ್ಟೇ.

ಇನ್ನೊಂದು ಪತ್ರ: ನನ್ನ ತಮ್ಮನಿಗೆ 24 ವರ್ಷ, ಭದ್ರಾವತಿಯಲ್ಲಿ ಲಾರಿ ಲೋಡಿಂಗ್ ಕೆಲಸ. ಪಾನ್ ಮಸಾಲ ಪ್ಯಾಕೆಟ್‌ಗೆ ಇನ್ನೊಂದು ಪ್ಯಾಕೆಟ್ ಬೆರೆಸಿ ಹಾಕುತ್ತಾನೆ. ಈಗ ಖಾರ ತಿಂದರೆ ಉರಿ ಅನ್ನುತ್ತಾನೆ, ಬಾಯಿ ಸರಿಯಾಗಿ ತೆರೆಯುತ್ತಿಲ್ಲ.

ಈ ವಾರವೇ ಕರೆದುಕೊಂಡು ಹೋಗಿ. ನಾಳೆ ರಜೆ ಹಾಕಿಸಿದರೂ ಸರಿಯೇ.

ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಬಾಯಿಯೊಳಗೆ ಇಡಲು ಹೇಳಿ. ಹಿಡಿಸದಿದ್ದರೆ ಕೆನ್ನೆಯ ಒಳಪದರ ಗಟ್ಟಿಯಾಗಿ ನಾರುಕಟ್ಟುತ್ತಿದೆ ಎಂದೇ ಅನುಮಾನಿಸಿ. ಮುಖ್ಯವಾಗಿ ಅಡಿಕೆಯಿಂದ ಬರುವ ಕಾಯಿಲೆ ಇದು. ಕಟ್ಟಿದ ನಾರು ತಾನಾಗಿ ಕರಗಿ ಹಿಂದಿನಂತಾಗುವುದಿಲ್ಲ, ಮುಂದೆ ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗುತ್ತದೆ. ಆದರೆ ಇವತ್ತೇ ಬಿಟ್ಟರೆ ಬೆಳೆಯುವುದನ್ನು ತಡೆಯಬಹುದು, ವ್ಯಾಯಾಮ ಮತ್ತು ಔಷಧಿಯಿಂದ ಬಾಯಿ ಸ್ವಲ್ಪ ಸಡಿಲವಾಗುತ್ತದೆ. ಅಂಗಡಿಯಲ್ಲಿ ಎರಡು ಪ್ಯಾಕೆಟ್ ಬೇರೆಬೇರೆ ಸಿಗುವುದಕ್ಕೂ ಕಾರಣವಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಮಸಾಲ ಒಂದು ಕಡೆ, ತಂಬಾಕು ಇನ್ನೊಂದು ಕಡೆ ಮಾಡಿ ಮಾರಿದರು. ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ನಿಮಗೆ ಹತ್ತಿರ. ದುಡ್ಡಿನ ಚಿಂತೆಗೆ ನಿಲ್ಲಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ, ಬೇರೆ ಕಡೆ ಕಳಿಸಬೇಕಾದರೆ ಅಲ್ಲಿಂದಲೇ ಚೀಟಿ ಬೇಕು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಹೈಸ್ಕೂಲಿನ ಎದುರು ನನ್ನ ಗೂಡಂಗಡಿ. ಗಂಡ ಇಲ್ಲ. ಮಕ್ಕಳು ಅಪ್ಪನಿಗೆ ಅಂತ ಪ್ಯಾಕೆಟ್ ಕೇಳುತ್ತಾರೆ. ಕೊಡಬಾರದು ಅಂತಾರೆ, ಕೊಡದಿದ್ದರೆ ವ್ಯಾಪಾರ ಹೇಗೆ?

ಕೊಡಬೇಡಿ ಅಕ್ಕ. ಅಪ್ಪನಿಗೆ ಎಂದರೂ ಬೇಡ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಿಂದ 21 ವರ್ಷದ ಒಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ ನೂರು ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ಮಕ್ಕಳ ಕೈಗೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದ ತನಕ ಸೆರೆವಾಸಕ್ಕೂ ಅವಕಾಶವಿದೆ. ಹೆದರಿಸಲು ಬರೆಯುತ್ತಿಲ್ಲ, ನಿಮಗೆ ಗೊತ್ತಿರಲಿ ಎಂದು. ಪೆನ್ನು, ಪುಸ್ತಕ, ನೆಲ್ಲಿಕಾಯಿ, ಚಕ್ಕುಲಿ, ಮಂಡಕ್ಕಿ ಇಟ್ಟರೆ ಶಾಲೆ ಎದುರು ಓಡುತ್ತದೆ. ಶಾಲೆಯವರಿಗೆ ನನ್ನ ವಿನಂತಿ: ದಂಡ ಹಾಕಿಸುವ ಮೊದಲು ಈ ಅಕ್ಕನ ಅಂಗಡಿಯಿಂದಲೇ ನೋಟ್‌ಬುಕ್ ಕೊಳ್ಳಿ ಎಂದು ಮಕ್ಕಳಿಗೆ ಹೇಳಿ. ಪಂಚಾಯಿತಿಯವರು ಸಣ್ಣ ಸಾಲಕ್ಕೆ ಸಂಘದ ದಾರಿ ತೋರಿಸಲಿ.

ಮಳೆಗಾಲದಲ್ಲಿ ಇಂಬಳಕ್ಕೆ (ಜಿಗಣೆಗೆ) ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚುತ್ತೇವೆ. ಅದೂ ಅಪಾಯವಾ?

ಹಚ್ಚದಿರುವುದೇ ಒಳ್ಳೆಯದು. ಒದ್ದೆ ಚರ್ಮದ ಮೂಲಕವೂ ನಿಕೋಟಿನ್ ಮೈಗೆ ಹೋಗುತ್ತದೆ. ಒದ್ದೆ ತಂಬಾಕು ಗಿಡದಲ್ಲಿ ಕೆಲಸ ಮಾಡುವವರಿಗೆ ವಾಂತಿ, ತಲೆಸುತ್ತು ಬರುವುದು ಹೀಗೆಯೇ. ಗಾಯ ಇದ್ದಲ್ಲಿ, ಮಕ್ಕಳ ಕಾಲಿಗೆ, ಬಸುರಿಯರಿಗೆ ಹಚ್ಚಲೇಬೇಡಿ. ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡು ಹೋಗಿ, ಹತ್ತಿದ ಇಂಬಳಕ್ಕೆ ಒತ್ತಿದರೆ ಬಿಡುತ್ತದೆ. ಮೊಣಕಾಲ ತನಕ ಬರುವ ದಟ್ಟ ನೇಯ್ಗೆಯ ಕಾಲುಚೀಲ ಇನ್ನೂ ಒಳ್ಳೆಯದು. ಇಂಬಳಕ್ಕೆಂದು ತಂದ ಹೊಗೆಸೊಪ್ಪು ಮನೆಯಲ್ಲಿ ಉಳಿದಿದ್ದರೆ ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.