ವರ್ಡ್‌ನಲ್ಲಿ ತಲೆಬರಹಗಳಿಗೆ 1, 1.1, 1.2 ಅಂತ ತಾನಾಗೇ ನಂಬರ್ ಬರುವಂತೆ ಮಾಡೋದು ಹೇಗೆ?

ಕೊಡಗಿನ ತೋಟದ ಬೆಳೆಗಳ ವರದಿಯಲ್ಲಿ ನಡುವೆ ಒಂದು ಭಾಗ ಸೇರಿಸಿದರೆ ನಂಬರ್‌ಗಳೆಲ್ಲ ಕೆಡುತ್ತವೆ ಅಂದಿದ್ದೀರಿ. ಕೈಯಲ್ಲೇ ಟೈಪ್ ಮಾಡಿದ್ದೀರಿ, ಅಲ್ವಾ? ಮೊದಲು ಅವನ್ನೆಲ್ಲ ಅಳಿಸಿಬಿಡಿ.

‘ಕಾಫಿ’ ಅನ್ನುವ ಸಾಲಿಗೆ ಹೋಮ್ ಟ್ಯಾಬ್‌ನಿಂದ ಹೆಡಿಂಗ್ 1 ಕೊಡಿ. ಅದರ ಕೆಳಗಿನ ‘ಅರೇಬಿಕಾ’, ‘ರೋಬಸ್ಟಾ’ ಎರಡಕ್ಕೂ ಹೆಡಿಂಗ್ 2. ಆಮೇಲೆ ‘ಕಾಫಿ’ ಸಾಲಿಗೇ ವಾಪಸ್ ಬಂದು, ಅದೇ ಟ್ಯಾಬ್‌ನ ಮಲ್ಟಿಲೆವೆಲ್ ಲಿಸ್ಟ್ ತೆರೆಯಿರಿ. 1, 1.1 ಪಕ್ಕದಲ್ಲಿ ಹೆಡಿಂಗ್ ಅಂತ ಬರೆದಿರುವ ಮಾದರಿಯನ್ನೇ ಆರಿಸಿ. ಇಲ್ಲೇ ಜಾಸ್ತಿ ಜನ ಎಡವುವುದು. ಹೆಡಿಂಗ್ ಅಂತ ಇಲ್ಲದ ಮಾದರಿ ಆರಿಸಿದರೆ ನಂಬರ್ ಹೆಡಿಂಗ್ ಸ್ಟೈಲ್‌ಗೆ ಅಂಟಿಕೊಳ್ಳುವುದಿಲ್ಲ.

ಈಗ ಕಾಫಿಗಿಂತ ಮುಂಚೆ ‘ಕಾಳುಮೆಣಸು’ ಸೇರಿಸಿ, ಹೆಡಿಂಗ್ 1 ಕೊಟ್ಟು ನೋಡಿ. 1.2 ಇದ್ದ ರೋಬಸ್ಟಾ ತಾನಾಗೇ 2.2 ಆಗುತ್ತದೆ.